59 ಯೂರೋ ಕೊಟ್ಟು "ಕಿಟ್ಟೆಲ್" ಮನೆತನದ ಇತಿಹಾಸ ತರಿಸಿದೆ, ಬಂದದ್ದು ಒಂದು ಸಿಂಹ

ಮೊದ್ಲ ರೇಟಿಂಗ್ ಹೇಳಿಬಿಡ್ತೀನ್ರಿ, ಪೂರ್ತಿ ಓದೂವಷ್ಟು ಪುರಸೊತ್ತು ಎಲ್ಲಾರಿಗೂ ಇರೂದಿಲ್ಲ. ಐದಕ್ಕ ಒಂದು ಸ್ಟಾರ್. ಆ ಒಂದೂ ಕಟ್ಟಿಗಿ ಫ್ರೇಮಿಗೆ ಕೊಟ್ಟದ್ದು, ಒಳಗಿನ ಕಾಗದಕ್ಕಲ್ಲ. ಅಂಗಡಿ ಹೆಸರು ಬರಿಯೂದಿಲ್ಲ, ಯಾಕಂದ್ರ ಇಂಥಾವು ಆನ್‌ಲೈನ್‌ನ್ಯಾಗ ಬೇಕಾದಷ್ಟು ಅದಾವ, ಮಾರೂದೂ ಹೆಚ್ಚುಕಡಿಮಿ ಒಂದ ಮಾಲು: ಜರ್ಮನ್ ಅಡ್ಡಹೆಸರು ಟೈಪ್ ಮಾಡ್ರಿ, ರೊಕ್ಕ ಕಟ್ಟರಿ, ವಾರದಾಗ "ನಿಮ್ಮ ಮನೆತನದ ಮೂಲ ಮತ್ತು ಇತಿಹಾಸ" ಅಂತ ಹಳೇ ಚರ್ಮದ ಹಾಳಿಯಂಗ ಕಾಣೂ ಕಾಗದದ ಮ್ಯಾಲ ಪ್ರಿಂಟಾಗಿ, ತಲಿ ಮ್ಯಾಲೊಂದು ಲಾಂಛನ ಹೊತ್ಕೊಂಡು ಮನಿಗೆ ಬರ್ತೈತಿ. ನಾ ಕೊಟ್ಟದ್ದು 59 ಯೂರೋ, ಅಂಚೆ ಖರ್ಚು ಬ್ಯಾರೆ.

ನಂದೇನು ಜರ್ಮನ್ ಹೆಸರಲ್ಲ. ನಾ ಧಾರವಾಡದಾಂವ, ಈಗ ಸ್ಟುಟ್‌ಗಾರ್ಟ್‌ನ್ಯಾಗ ನೌಕರಿ, ಓದಿದ್ದು ಕಿಟ್ಟೆಲ್ ಕಾಲೇಜಿನ್ಯಾಗ. ನಮ್ಮ ಬ್ಯಾಚಿನವ್ರು ಡಿಸೆಂಬರದಾಗ ಸೇರೂ ಪ್ಲ್ಯಾನ್ ಇತ್ತು, ಏನರ ಜರ್ಮನಿದು ತಗೊಂಡ ಬಾರಲೇ ಅಂತ ಗ್ರೂಪಿನ್ಯಾಗ ಗಂಟು ಬಿದ್ದಿದ್ರು, ಚಾಕ್ಲೇಟ್ ಒಯ್ದು ಒಯ್ದು ನನಗ ಬ್ಯಾಸರಾಗಿತ್ತು, ಆವಾಗ ಈ ಜಾಹೀರಾತು ಕಣ್ಣಿಗೆ ಬಿತ್ತು. ಕಿಟ್ಟೆಲ್ ಅನ್ನೋ ಹೆಸರಿನ ಇತಿಹಾಸ ಫ್ರೇಮ್ ಹಾಕಿಸಿ ಒಯ್ದ್ರ ಮಂದಿ ಖುಷಿ ಆಗ್ತಾರ ಅಂದ್ಕೊಂಡೆ. ಹೆಸರಿನ ಅರ್ಥ ನನಗ ಅರ್ಧ ಗೊತ್ತಿತ್ತು ಅನ್ರಿ. ಇಲ್ಲಿ ಕೆಲಸಕ್ಕ ಸೇರಿದ ಮೊದಲ ದಿವಸ ಲ್ಯಾಬಿನ ಬಾಗಿಲಿಗೆ ಒಂದು ಬೋರ್ಡ್ ನೇತಾಡ್ತಿತ್ತು, ಕಿಟ್ಟೆಲ್ ಇಲ್ದ ಒಳಗ ಬರಬ್ಯಾಡ್ರಿ ಅಂತ. ನಾ ಒಬ್ಬನ ನಿಂತು ನಕ್ಕೆ. ಕಿಟ್ಟೆಲ್ ಅಂದ್ರ ಜರ್ಮನ್‌ದಾಗ ಲ್ಯಾಬಿನ್ಯಾಗ, ದವಾಖಾನ್ಯಾಗ ಹಾಕ್ಕೊಳ್ಳೋ ಬಿಳಿ ಕೋಟು, ಅಂಗಿ ಮ್ಯಾಲಿನ ಅಂಗಿ. ಮೂರು ವರ್ಷ ಓದಿದ ಕಾಲೇಜಿನ ಹೆಸರು ಈಗ ದಿನಾ ಮೈಮ್ಯಾಲ ಹಾಕ್ಕೊಂಡು ಅಡ್ಡಾಡ್ತೀನಿ.

ಅದಕ್ಕ ನನ್ನ ಆಸೆ ಏನಿತ್ತಂದ್ರ, ಒಂದು ಅಂಗಿ ಹೆಂಗ ಅಡ್ಡಹೆಸರಾತು, ಯಾವ ಕಾಲದಾಗ ಆತು, ಯಾವ ಸೀಮೆದಾಗ ಆತು, ಇದನ್ನ ಒಂದು ಹಾಳ್ಯಾಗ ಚಂದಂಗಿ ಬರದಿರ್ತಾರ ಅಂತ. ಡಬ್ಬಿ ಬಂತು, ತಗದ ನೋಡಿದೆ. ಮ್ಯಾಲ ಒಂದು ಢಾಲು, ಢಾಲಿನ ಮ್ಯಾಲ ಎರಡು ಕಾಲ ಮ್ಯಾಲ ಎದ್ದು ನಿಂತ ಬಂಗಾರ ಬಣ್ಣದ ಸಿಂಹ, ಅದರ ಮ್ಯಾಲ ಕಬ್ಬಿಣದ ಟೊಪ್ಪಿಗಿ, ಟೊಪ್ಪಿಗಿ ಮ್ಯಾಲ ಗರಿ, ಕೆಳಗ ಲ್ಯಾಟಿನ್‌ದಾಗ ಒಂದು ಘೋಷವಾಕ್ಯ. ಅದರ ಕೆಳಗ ಹದಿನೈದು ಸಾಲು ಜರ್ಮನ್: ಕಿಟ್ಟೆಲ್ ಮನೆತನ ಜರ್ಮನಿಯ ಅತಿ ಪ್ರಾಚೀನ, ಪ್ರತಿಷ್ಠಿತ ಮನೆತನಗಳೊಳಗ ಒಂದು, ಇವರ ಶೌರ್ಯ ಹಿಂಗ, ನಿಷ್ಠೆ ಹಂಗ, ಶತಮಾನಗಳಿಂದ ದೊಡ್ಡ ದೊಡ್ಡ ಹುದ್ದ್ಯಾಗ ಇದ್ದಾರ. ಒಂದು ಊರಿನ ಹೆಸರಿಲ್ಲ, ಒಂದು ಇಸವಿ ಇಲ್ಲ, ಒಬ್ಬ ಮನಶ್ಯಾನ ಹೆಸರಿಲ್ಲ. ಅಂಗಿ ಅನ್ನೋ ಶಬ್ದ ಎಲ್ಲೂ ಇಲ್ಲ!

ಇದನ್ನ ಆಫೀಸಿನ್ಯಾಗ ತೋರಿಸಿದ್ರ ಶ್ನೈಡರ್ ಅನ್ನೋ ಅಡ್ಡಹೆಸರಿನ ಗೆಳೆಯ ಒಬ್ಬ ಹೊಟ್ಟಿ ಹಿಡ್ಕೊಂಡು ನಕ್ಕ. ಅವರವ್ವನ ಮನ್ಯಾಗ ಇಂಥಾದ ಒಂದು ಐತಂತ, ಸಂಜಿಕೆ ಫೋಟೋ ಕಳಿಸಿದ. ಎರಡೂ ಬಾಜೂಬಾಜೂ ಇಟ್ಟು ಓದಿದ್ವಿ. ಸಾಲಿಗೆ ಸಾಲು ಅದ, ಕಿಟ್ಟೆಲ್ ಇದ್ದ ಜಾಗಾದಾಗ ಶ್ನೈಡರ್ ಅಷ್ಟ. ಸಿಂಹ ಮಾತ್ರ ಅವರದು ಕೆಂಪು. ಲಗ್ನಪತ್ರಿಕೆ ಪ್ರೆಸ್ಸಿನ್ಯಾಗ ಗಂಡು ಹೆಣ್ಣಿನ ಹೆಸರು ಅಷ್ಟ ಬದಲಿ ಮಾಡ್ತಾರಲ್ರಿ, ಹಂಗ. ಶ್ನೈಡರ್ ಅಂದ್ರ ದರ್ಜಿ ಅಂತ ಇಲ್ಲಿ ಸಣ್ಣ ಹುಡುಗರಿಗೂ ಗೊತ್ತು, ಆದ್ರ ಆ ಹಾಳಿ ಪ್ರಕಾರ ದರ್ಜಿಗೋಳೆಲ್ಲಾ ಕುದುರಿ ಹತ್ತಿ ಯುದ್ಧಕ್ಕ ಹೋಗ್ತಿದ್ರಂತ.

ಸಿಂಹದ ವಿಷಯ ಮೊದ್ಲ ಮುಗಿಸೂಣು, ಯಾಕಂದ್ರ ಮಂದಿ ಮರುಳಾಗೂದು ಅದಕ್ಕ. ಜರ್ಮನಿಯೊಳಗ ಲಾಂಛನ ಅನ್ನೂದು ಅಡ್ಡಹೆಸರಿಗೆ ಅಂಟ್ಕೊಂಡು ಬರೂದಿಲ್ಲ. ಒಂದು ಕಾಲಕ್ಕ ಒಬ್ಬ ಮನಶ್ಯಾ ಅದನ್ನ ಪಡದಿರ್ತಾನ, ಇಲ್ಲಾ ತಾನ ಮಾಡಿಸ್ಕೊಂಡಿರ್ತಾನ, ಅವನ ಮಕ್ಕಳು ಮೊಮ್ಮಕ್ಕಳಿಗೆ ಅಷ್ಟ ಅದು ಸಲ್ಲೂದು. ರಾಜಮನೆತನದವ್ರಿಗೆ ಅಷ್ಟ ಅಂತೇನೂ ಇಲ್ಲ, ಪ್ಯಾಟಿ ವ್ಯಾಪಾರಸ್ಥರು, ಕಸಬುದಾರರು, ಕೆಲವು ಕಡೆ ಒಕ್ಕಲುತನದವ್ರು ಸೈತ ಇಟ್ಕೊಂಡಿದ್ರು, ಈಗೂ ಹೊಸಾದು ಮಾಡಿಸಿ ನೋಂದಣಿ ಮಾಡಿಸ್ಬಹುದು, ಬರ್ಲಿನ್‌ದಾಗ 1869ರಾಗ ಶುರುವಾದ "ಹೆರೋಲ್ಡ್" ಅನ್ನೋ ಸಂಘ ಇಂಥಾ ಕೆಲಸಾನ ಮಾಡ್ತದ. ಹಂಗಿದ್ದಾಗ ಯಾವುದೋ ಒಂದು ಕಿಟ್ಟೆಲ್ ಮನ್ಯಾಗ ಸಿಂಹ ಇತ್ತು ಅಂತ ಇಟ್ಕೊಳ್ರಿ, ಅದು ಎಲ್ಲಾ ಕಿಟ್ಟೆಲ್‌ಗೋಳಿಗೂ ಹೆಂಗ ಆಗ್ತೈತಿ? ಪಕ್ಕದ ಓಣಿ ಪಾಟೀಲರ ವಾಡೇದ ಕೀಲಿ ಊರಾಗಿನ ಎಲ್ಲಾ ಪಾಟೀಲರಿಗೂ ಹಂಚಿದಂಗ ಆತು. ನ್ಯೂರ್ನ್‌ಬೆರ್ಗ್‌ದ ಯೋಹಾನ್ ಸೀಬ್‌ಮಾಖರ್ 1605ರಾಗ ಪ್ರಿಂಟ್ ಮಾಡಿದ ಲಾಂಛನದ ಪುಸ್ತಕ, 19ನೇ ಶತಮಾನದಾಗ ಡಚ್ಚರಾಂವ ರೀಟ್‌ಸ್ಟಾಪ್ ಒಂದು ಲಕ್ಷಕ್ಕೂ ಹೆಚ್ಚು ಲಾಂಛನ ಕೂಡಿಸಿ ಮಾಡಿದ ಪಟ್ಟಿ, ಇಂಥಾವು ಹೆಸರು ಹುಡುಕಿ ಚಿತ್ರ ಎತ್ಕೊಳ್ಳೋವ್ರಿಗೆ ಭಾರಿ ಅನುಕೂಲ. ಇಲ್ಲಿಯವ್ರು ಹಿಂಗ ಮಾರೋವ್ರಿಗೆ "ವಾಪನ್‌ಶ್ವಿಂಡ್ಲರ್" ಅಂತಾರ, ಅಂದ್ರ ಲಾಂಛನದ ಠಕ್ಕರು. ಶಬ್ದ ಹುಟ್ಟೈತಿ ಅಂದಮ್ಯಾಲ ಧಂದೆ ಹಳೇದ.

ನಮ್ಮ ಹಾಳ್ಯಾಗ ಒಂದು ಕಡೆ "ಫಾನ್ ಕಿಟ್ಟೆಲ್" ಅಂತನೂ ಬರದಿದ್ರು. ಫಾನ್ ಬಂದ್ರ ಜಹಗೀರದಾರರು ಅಂತ ಮಂದಿ ಭಾವನಾ. 1919ರ ವೈಮಾರ್ ಸಂವಿಧಾನದಾಗ ಕುಲೀನರ ವಿಶೇಷ ಹಕ್ಕು ತಗದಹಾಕಿ, ಇಂಥಾ ಫಾನ್‌ಗೀನ್ ಎಲ್ಲಾ ಬರೇ ಹೆಸರಿನ ಭಾಗ ಅಂತ ಮಾಡ್ಯಾರ. ಇರ್ಲಿ.

ಸಿಟ್ಟು ನೆತ್ತಿಗೇರಿ ಶನಿವಾರ ಸಿಟಿ ಲೈಬ್ರರಿಗೆ ಹೋದೆ. ಸ್ಟುಟ್‌ಗಾರ್ಟ್‌ಗೆ ಬಂದವ್ರು ಅದನ್ನ ನೋಡಬೇಕ್ರಿ, 2011ರಾಗ ತಗದದ್ದು, ಹೊರಗಿಂದ ನೋಡಿದ್ರ ಜೈಲಿನಂಗ ಚೌಕ ಡಬ್ಬಿ, ಒಳಗ ಹೋದ್ರ ಅಂತಸ್ತಿನ ಮ್ಯಾಲ ಅಂತಸ್ತು ಎಲ್ಲಾ ಬಿಳಿ, ಬರೇ ಪುಸ್ತಕದ್ದ ಬಣ್ಣ. ಅಲ್ಲೆ ಅಡ್ಡಹೆಸರಿನ ಡಿಕ್ಷನರಿಗೋಳು ಸಾಲಾಗಿ ಇದ್ವು. ಒಂದು ಪೈಸಾ ಖರ್ಚಿಲ್ಲ. ಕಿಟ್ಟೆಲ್ ಮೂರೇ ಸಾಲಿನ್ಯಾಗ ಮುಗದಿತ್ತು, ಆದ್ರ ಆ ಮೂರು ಸಾಲು ನನ್ನ 59 ಯೂರೋದ ಹದಿನೈದು ಸಾಲಿಗಿಂತ ತೂಕದ್ದು. ಮಧ್ಯಕಾಲದ ಜರ್ಮನ್‌ದಾಗ "ಕಿಟೆಲ್" ಅಂದ್ರ ಮ್ಯಾಲ ಹಾಕ್ಕೊಳ್ಳೋ ಹಗೂರ ಅಂಗಿ, ನಿಲುವಂಗಿ ಅನ್ರಿ. ಅಂಥಾ ಅಂಗಿ ಹೊಲಿಯಾಂವಗ ಮಂದಿ ಕಿಟ್ಟೆಲ್ ಅಂದಿರ್ಬೇಕು, ಇಲ್ಲಾ ಯಾವಾಗ್ಲೂ ಅಂಥಾದನ್ನ ಹಾಕ್ಕೊಂಡು ತಿರಗಾಂವಗ ಅಂದಿರ್ಬೇಕು. ಎರಡೂ ದಾರಿ ಖರೇನ, ಒಂದೊಂದು ಊರಾಗ ಒಂದೊಂದು. ಅಂಗಿಗೆ ಆ ಹೆಸರು ಎಲ್ಲಿಂದ ಬಂತು ಅನ್ನೂದರ ಮ್ಯಾಲ ಪಂಡಿತರಿಗೆ ಒಮ್ಮತ ಇಲ್ಲ, ಅರಬ್ಬಿಯ "ಕುತ್ನ್" ಅಂದ್ರ ಹತ್ತಿ, ಅಲ್ಲಿಂದ ಬಂದಿರಬಹುದು ಅಂತ ಕೆಲವರು, ಇಂಗ್ಲಿಷಿನ ಕಾಟನ್ ಸೈತ ಅಲ್ಲಿದ. ಹತ್ತಿ ಬೆಳಿಯೋ ಸೀಮ್ಯಾಗಿಂದ ಬಂದ ನನಗ ಇದನ್ನ ನಂಬಾಕ ಮನಸ್ಸು ಐತಿ, ಅಷ್ಟ.

ಹಂಗ ಕುಂತು ಓದಕೋತ ಹೋದ್ರ ಜರ್ಮನ್ ಅಡ್ಡಹೆಸರಿನ ಕತಿ ನಮ್ಮ ಕಡೆ ಕತಿ ಆಗಿಬಿಡ್ತು. ಮೊದ್ಲ ಎಲ್ಲಾರಿಗೂ ಒಂದ ಹೆಸರು. 12ನೇ ಶತಮಾನದ ಸುಮಾರಿಗೆ ಪ್ಯಾಟಿಗೋಳು ಬೆಳದ್ವು, ಓಣಿಗೆ ಹತ್ತು ಮಂದಿ ಹೈನ್‌ರಿಖ್, ಹತ್ತು ಮಂದಿ ಕೊನ್‌ರಾಡ್ ಆದ್ರು, ತೆರಿಗಿ ಯಾರು ಕಟ್ಟ್ಯಾರ ಆಸ್ತಿ ಯಾರದು ಅಂತ ಬರಕೊಳ್ಳಾಕ ಗುರ್ತಿನ ಹೆಸರು ಬೇಕಾತು. ದಕ್ಷಿಣ ಮತ್ತ ಪಶ್ಚಿಮದ ಪ್ಯಾಟಿಗೋಳಾಗ ಶುರುವಾಗಿ ನಿಧಾನಕ್ಕ ಉತ್ತರಕ್ಕ ಪೂರ್ವಕ್ಕ ಹರಡ್ತು. ಕಸಬಿನ ಮ್ಯಾಲ ಬಂದ ಹೆಸರು ಶ್ಮಿಡ್ಟ್ (ನಮ್ಮ ಕಂಬಾರ), ಮ್ಯುಲ್ಲರ್ ಅಂದ್ರ ಗಿರಣಿಯಾಂವ, ಇಡೀ ದೇಶದಾಗ ಎಲ್ಲಾಕಿಂತ ಹೆಚ್ಚು ಮಂದಿ ಇರೂ ಹೆಸರು ಅದ. ಹುದ್ದೆ ಮ್ಯಾಲ ಬಂದ ಹೆಸರು ಶುಲ್ಟ್ಸ್ ಅಂದ್ರ ಊರಗೌಡ, ಮಾಯರ್ ಅಂದ್ರ ಜಹಗೀರಿನ ಕಾರಭಾರಿ, ನಮ್ಮ ಪಾಟೀಲ ದೇಸಾಯಿ ಕುಲಕರ್ಣಿ ಇದ್ದಂಗ. ಊರಿನ ಮ್ಯಾಲ, ಮನಿ ಇದ್ದ ಜಾಗಾದ ಮ್ಯಾಲ, ಅಪ್ಪನ ಹೆಸರಿನ ಮ್ಯಾಲ. ಮತ್ತ ಚಾಷ್ಟಿಗೆ ಕರದದ್ದ ಉಳಕೊಂಡದ್ದು ಎಷ್ಟೋ. ನಮ್ಮಲ್ಲೆ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಕಂಬಳಿ ಅಂತ ಅಡ್ಡಹೆಸರು ಕೇಳಿ ಬೆಂಗಳೂರಿನವ್ರು ನಗ್ತಾರಲ್ಲ, ಅವರನ್ನ ಇಲ್ಲಿ ಕರ್ಕೊಂಡು ಬರ್ರಿ, ಹೆರಿಂಗ್ ಅಂದ್ರ ಮೀನ, ಮಾಂಟೆಲ್ ಅಂದ್ರ ಕೋಟು, ಕಿಟ್ಟೆಲ್ ಅಂದ್ರ ಅಂಗಿ.

ನನಗ ಭಾಳ ಸೇರಿದ್ದು ಒಂದ ಕಸಬಿಗೆ ಸೀಮೆ ಸೀಮೆಗೆ ಬ್ಯಾರೆ ಹೆಸರು ಇರೂದು. ದರ್ಜಿ ದಕ್ಷಿಣದಾಗ ಶ್ನೈಡರ್, ಉತ್ತರಕ್ಕ ಹೋದ್ರ ಶ್ರೋಡರ್. ಕುಂಬಾರ ಇಲ್ಲೆ ದಕ್ಷಿಣದಾಗ ಹಾಫ್ನರ್, ಪೂರ್ವಕ್ಕ ಟೋಪ್ಫರ್, ಹೆಸ್ಸೆನ್ ರೈನ್‌ಲ್ಯಾಂಡ್ ಕಡೆ ಓಯ್ಲರ್. ಗಾಡಿ ಮಾಡೂ ಬಡಿಗ್ಯಾ ಇಲ್ಲೆ ವಾಗ್ನರ್, ವಾಯವ್ಯಕ್ಕ ರಾಡೆಮಾಖರ್, ಈಶಾನ್ಯಕ್ಕ ಸ್ಟೆಲ್‌ಮಾಖರ್. ಬರೇ ಹೆಸರು ಕೇಳಿ ಇವರ ಅಜ್ಜ ಮುತ್ಯಾ ಯಾವ ಕಡೆಯವ್ರು ಅಂತ ಅಂದಾಜು ಹೇಳಬಹುದು, ನಮ್ಮ ಸೋದರಮಾವ ಅಡ್ಡಹೆಸರು ಕೇಳಿದ ಕೂಡ್ಲೆ "ಹಂಗಾದ್ರ ನೀವು ಗದಗ ಕಡೆಯವ್ರೇನ್ರಿ" ಅಂತಿದ್ರಲ್ಲ, ಹಂಗ.

ಇನ್ನ ನಮ್ಮ ಕಿಟ್ಟೆಲ್ ವಿಷಯ. ಫರ್ಡಿನೆಂಡ್ ಕಿಟ್ಟೆಲ್ ಹುಟ್ಟಿದ್ದು 1832ರಾಗ, ಉತ್ತರ ಸಮುದ್ರದ ದಂಡಿ ಕಡೆ, ಪೂರ್ವ ಫ್ರೀಸಿಯಾದ ರೆಸ್ಟರ್‌ಹಾಫೆ ಅನ್ನೋ ಹಳ್ಳ್ಯಾಗ, ಅಪ್ಪ ಪಾದ್ರಿ. ಆ ಸೀಮ್ಯಾಗ ಅಡ್ಡಹೆಸರು ಅನ್ನೂದು ಎಲ್ಲಾಕಿಂತ ತಡಾ ಬಂತು. ಯಾನ್‌ನ ಮಗ ಯಾನ್ಸನ್, ಅವನ ಮಗ ಇನ್ನೊಂದು, ಹಿಂಗ ಪೀಳಿಗೆಗೊಮ್ಮೆ ಹೆಸರು ಬದಲಾಗ್ತಿತ್ತು. ಕಡೀಕ ನೆಪೋಲಿಯನ್ ಆ ಸೀಮೆ ನುಂಗಿದ ಮ್ಯಾಲ 1811ರಾಗ ಎಲ್ಲಾರೂ ಕಾಯಂ ಅಡ್ಡಹೆಸರು ಇಟ್ಕೊಳ್ರಿ ಅಂತ ಹುಕುಂ ಮಾಡಿದ, ಮಂದಿ ಮುಖ ಸಿಂಡರಿಸ್ಕೊಂಡು ಬರೆಸಿದ್ರು. ಅಂಥಾ ಯಾನ್ಸನ್, ಹಾರ್ಮ್ಸ್ ಅನ್ನೋ ಹೆಸರುಗಳ ನಡಬರಕ ಕಿಟ್ಟೆಲ್ ಅನ್ನೂದು ಹೊರಗಿಂದ ಬಂದು ಕುಂತಂಗ ಕೇಳಸ್ತೈತಿ. ಇಂಥಾ ವಿಷಯ ನನ್ನ ಹಾಳ್ಯಾಗ ಒಂದ ಸಾಲು ಇದ್ದಿದ್ರ ನಾ ಐದು ಸ್ಟಾರ್ ಕೊಡ್ತಿದ್ದೆ.

1853ರಾಗ ಬಾಸೆಲ್ ಮಿಶನ್ನಿನವ್ರು ಕಳಿಸಿ ನಮ್ಮ ಕಡೆ ಬಂದ ಮನಶ್ಯಾ, ಧಾರವಾಡ ಮಂಗಳೂರು ಮಡಿಕೇರಿ ಅಡ್ಡಾಡಿ, 1894ರಾಗ ಸುಮಾರು 70,000 ಶಬ್ದದ ಕನ್ನಡ-ಇಂಗ್ಲಿಷ್ ನಿಘಂಟು ಹೊರಗ ತಂದ. ಅದರಾಗ "ಅಂಗಿ" ಶಬ್ದನೂ ಬರಬೇಕಲ್ಲ, ಬಂದೈತಿ. ಸ್ವಲ್ಪ ವಿಚಾರ ಮಾಡ್ರಿ, ಅಂಗಿ ಅನ್ನೋ ಅಡ್ಡಹೆಸರಿನಾಂವ ದೀಪದ ಬೆಳಕಿನ್ಯಾಗ ಕುಂತು ಅಂಗಿ ಅನ್ನೂದಕ್ಕ ಅರ್ಥ ಬರಿಯಾಕತ್ತಾನ. ಆವಾಗ ನಗು ಬಂದಿತ್ತೋ ಏನೋ ಆ ಪುಣ್ಯಾತ್ಮಗ. ನಾ ಇದನ್ನ ರಾತ್ರಿ ಎಷ್ಟೊತ್ತಿಗೋ ಗ್ರೂಪಿನ್ಯಾಗ ಹಾಕಿದೆ, ಬೆಳಗಾಗೂದ್ರಾಗ ನಲವತ್ತು ಮೆಸೇಜು, "ಅಂಗಿ ಕಾಲೇಜು ಧಾರವಾಡ" ಅಂತ ಗ್ರೂಪಿನ ಹೆಸರ ಬದಲಿ ಮಾಡಿಬಿಟ್ಟಿದ್ರು.

ಮತ್ತ ಹೆಸರೊಂದ ಆದ್ರ ಮನೆತನ ಒಂದ ಅಂತ ತಿಳ್ಕೋಬ್ಯಾಡ್ರಿ, ಆ ಹಾಳಿ ಮಾಡಿದ ದೊಡ್ಡ ತಪ್ಪು ಅದ. ಅಂಗಿ ಹೊಲಿಯಾವ್ರು ಎಲ್ಲಾ ಊರಾಗ ಇದ್ರು, ಹೆಸರೂ ಎಲ್ಲಾ ಊರಾಗ ಬ್ಯಾರೆ ಬ್ಯಾರೇನ ಹುಟ್ಟಿರ್ತೈತಿ. ಎರ್‌ಫುರ್ಟ್‌ದಾಗ ಯೋಹಾನ್ ಕ್ರಿಸ್ಟಿಯಾನ್ ಕಿಟ್ಟೆಲ್ ಅಂತ ಒಬ್ಬ ಆರ್ಗನ್ ವಾದಕ ಇದ್ದ, ಸಂಗೀತಗಾರ ಬಾಖ್‌ನ ಕಡೇ ಶಿಷ್ಯರಾಗ ಒಬ್ಬ, ತೀರ್ಕೊಂಡದ್ದು 1809ರಾಗ. ಎಮ್ಮೆಸ್ಸಿ ಫಿಸಿಕ್ಸ್ ಮಾಡಿದವ್ರಿಗೆ ಸಾಲಿಡ್ ಸ್ಟೇಟ್ ಪುಸ್ತಕದ ಚಾರ್ಲ್ಸ್ ಕಿಟ್ಟೆಲ್ ಗೊತ್ತಿರಬೇಕು, ಅಮೆರಿಕಾದಾಂವ, 1916ರಾಗ ಹುಟ್ಟಿ ನೂರು ದಾಟಿ 2019ರಾಗ ಹೋದ. ಫಸ್ಟ್ ಇಯರ್‌ದಾಗ ನಾನಂತೂ ನಿಘಂಟು ಬರದಾಂವನ ಈ ಪುಸ್ತಕನೂ ಬರದಾನ ಅಂತ ತಿಳ್ಕೊಂಡಿದ್ದೆ, ಕಾಲೇಜಿಗೆ ಸುಮ್ಮನ ಹೆಸರಿಟ್ಟಾರೇನು ಅಂತ.

ಇನ್ನೊಬ್ಬ ಅದಾನ, ಬರಿಯಾಕ ಮನಸಿಲ್ಲ ಆದ್ರ ಬಿಡಾಕೂ ಬರೂದಿಲ್ಲ. ಹೀಬ್ರೂ ಬೈಬಲ್ಲಿನ ಪಂಡಿತ ರುಡಾಲ್ಫ್ ಕಿಟ್ಟೆಲ್, ಅವನ ಮಗ ಗೆರ್‌ಹಾರ್ಡ್ ಕಿಟ್ಟೆಲ್, ಟ್ಯೂಬಿಂಗೆನ್‌ದಾಗ ಪ್ರೊಫೆಸರ್. 1933ರಾಗ ನಾಜಿ ಪಾರ್ಟಿ ಸೇರಿ ಯಹೂದಿಗಳ ವಿರುದ್ಧ ಬರದ. ಯಹೂದಿಗಳು ಯೋಮ್ ಕಿಪ್ಪೂರ್ ಅನ್ನೋ ತಮ್ಮ ಉಪವಾಸದ ಹಬ್ಬದ ದಿವಸ ಹಾಕ್ಕೊಳ್ಳೋ ಬಿಳಿ ನಿಲುವಂಗಿಗೆ ಯಿದ್ದಿಶ್ ಭಾಷಾದಾಗ ಏನಂತಾರ ಗೊತ್ತೇನು, ಕಿಟ್ಟೆಲ್ ಅಂತನ ಅಂತಾರ. ಹೆಣಕ್ಕೂ ಅದನ್ನ ತೊಡಿಸ್ತಾರ. ಆವಾಗಿನ ಕಾಲದಾಗ ಸರಕಾರಿ ನೌಕರಿಗೆ ನಿಮ್ಮ ಅಜ್ಜ ಅಜ್ಜಿ ಯಾರು ಅಂತ ಪುರಾವೆ ಕೊಡಬೇಕಾಗಿತ್ತು, ಚರ್ಚಿನ ದಫ್ತರು ತಗಸಿ ವಂಶಾವಳಿ ಮಾಡಿಸೂದು ಮನಿಮನಿ ಕೆಲಸ ಆಗಿತ್ತು. 1938ರಾಗ ಕಾಯ್ದೆ ಮಾಡಿ ಯಹೂದಿ ಹೆಸರು ಅಂತ ಅವರು ಮಾಡಿದ ಪಟ್ಟಿಯೊಳಗ ಇಲ್ಲದ ಹೆಸರಿನ ಯಹೂದಿಗಳೆಲ್ಲಾ ಗಂಡಸರಾದ್ರ ಇಸ್ರಾಯೆಲ್, ಹೆಂಗಸರಾದ್ರ ಸಾರಾ ಅಂತ ಹೆಚ್ಚಿನ ಹೆಸರು ಹಚ್ಕೋಬೇಕು ಅಂತ ಒತ್ತಾಯ ಮಾಡಿದ್ರು. ಹೆಸರಿನ ಇತಿಹಾಸ ಅಂದ್ರ ಇದೂ ಬರ್ತೈತಲ್ರಿ. "ಶತಮಾನಗಳಿಂದ ನಿಷ್ಠೆ" ಅಂತ ಬರದಾಂವ ಈ ಶತಮಾನ ಹಾರಿಸಿಬಿಟ್ಟಾನ.

ಹಂಗಾದ್ರ ಖರೇ ಇತಿಹಾಸ ಬೇಕಾದವ್ರು ಏನ ಮಾಡಬೇಕು? ಹೆಸರಿನ ಅರ್ಥ ಅಷ್ಟ ಸಾಕು ಅಂದ್ರ, ಜರ್ಮನಿಯ ಅಡ್ಡಹೆಸರುಗಳ ಡಿಜಿಟಲ್ ನಿಘಂಟು ಅಂತ ಒಂದು ಐತಿ, ಮೈನ್ಸ್ ಊರಿನ ಅಕಾಡೆಮಿ ಕಡೆಯಿಂದ 2012ರಾಗ ಶುರುವಾದ ಕೆಲಸ, ಇಂಟರ್ನೆಟ್‌ದಾಗ ಪುಕ್ಕಟೆ. ಅರ್ಥ ಅಷ್ಟ ಅಲ್ಲ, ಆ ಹೆಸರಿನ ಮಂದಿ ದೇಶದ ಯಾವ ಮೂಲ್ಯಾಗ ಹೆಚ್ಚು ಅಂತ ನಕಾಶೆ ಕೊಡ್ತಾರ. ನಕಾಶೆಗೆ ಮಾಹಿತಿ ಎಲ್ಲಿಂದ ಅಂದ್ರ 2005ರ ಲ್ಯಾಂಡ್‌ಲೈನ್ ಫೋನಿನ ಪಟ್ಟಿಯಿಂದ! ಕೊನ್‌ರಾಡ್ ಕುಂಟ್ಸೆ ಮತ್ತ ಡಾಮಾರಿಸ್ ನ್ಯುಬ್ಲಿಂಗ್ ಅನ್ನೋ ಇಬ್ಬರು ಪ್ರೊಫೆಸರ್‌ಗಳು ಸುಮಾರು 2.8 ಕೋಟಿ ಫೋನ್ ಕನೆಕ್ಷನ್ ಹಿಡ್ಕೊಂಡು ಏಳು ಸಂಪುಟದ ಅಡ್ಡಹೆಸರಿನ ನಕಾಶೆ ಮೊದ್ಲ ಮಾಡಿದ್ರು, ಅದರ ಬೆನ್ನಿಗೆ ಈ ನಿಘಂಟು. ಮೊಬೈಲ್ ಬರೂಮುಂಚೆ ಮಂದಿ ಮನ್ಯಾಗ ಫೋನ್ ಇಟ್ಟದ್ದು ಇದಕ್ಕ ಚೊಲೋ ಆತು. ಈ ಸೈಟಿಗೆ ನಾಲ್ಕೂವರಿ ಸ್ಟಾರ್, ಅರ್ಧ ಯಾಕ ಕಡಿಮಿ ಅಂದ್ರ ಎಲ್ಲಾ ಜರ್ಮನ್‌ದಾಗ ಐತಿ ಮತ್ತ ಬರದ ಜರ್ಮನ್ ಪಂಡಿತರ ಜರ್ಮನ್, ಜರ್ಮನ್ ಪರೀಕ್ಷಾದಾಗ ಬಿ-2 ಅನ್ನೋ ನಡುವಿನ ಮಟ್ಟಕ್ಕ ನಿಂತ ನನ್ನಂಥಾವಗ ಬೆವರು ಬರ್ತದ.

ಮನೆತನದ ಇತಿಹಾಸನ ಬೇಕಂದ್ರ, ಅಂದ್ರ ನಿಮ್ಮ ಗೆಳೆಯರ ಮುತ್ಯಾನ ಮುತ್ಯಾ ಯಾರು ಅಂತ, ಅದಕ್ಕ ಹೆಸರು ನೋಡಿದ್ರ ಆಗೂದಿಲ್ಲ, ಮನಶ್ಯಾರನ್ನ ಹಿಡ್ಕೊಂಡು ಹಿಂದ ಹೋಗಬೇಕು. 1876ರಿಂದ ಈಚೆ ಇಡೀ ದೇಶಕ್ಕ ಸರಕಾರಿ ಜನನ ಮರಣ ಲಗ್ನದ ನೋಂದಣಿ ಐತಿ, ಹೆಸರಿನ ಸ್ಪೆಲ್ಲಿಂಗ್ ಗಟ್ಟಿಯಾಗಿ ನಿಂತದ್ದೂ ಆ ಮ್ಯಾಲ, ಅದಕ್ಕೂ ಮುಂಚೆ ಪಾದ್ರಿ ಕಿವಿಗೆ ಕೇಳಿಸಿದಂಗ ಬರೀತಿದ್ದ, ಮಾಯರ್ ಒಂದನ್ನ ನಾಲ್ಕೈದು ಥರ ಬರೀತಾರಲ್ಲ ಹಂಗ. ಅದರ ಹಿಂದಿಂದು ಚರ್ಚಿನ ದಫ್ತರು, ಹಳೇವು 16ನೇ ಶತಮಾನದ್ದು, ಆದ್ರ 1618ರಿಂದ 1648ರ ತನಕದ ಮೂವತ್ತು ವರ್ಷದ ಯುದ್ಧದಾಗ ಭಾಳ ಸುಟ್ಟು ಹೋಗ್ಯಾವ. ಪ್ರೊಟೆಸ್ಟೆಂಟ್ ಚರ್ಚುಗಳ ದಫ್ತರು ಆರ್ಕಿಯೋನ್ ಅನ್ನೋ ಸೈಟಿನ್ಯಾಗ ಅದಾವ, ರೊಕ್ಕ ಕಟ್ಟಬೇಕು, ಆದ್ರೂ ಒಂದು ತಿಂಗಳ ಪಾಸ್ ನನ್ನ ಸಿಂಹಕ್ಕಿಂತ ಸೋವಿ. ಕ್ಯಾಥೊಲಿಕ್ ದಫ್ತರು ಮಾಟ್ರಿಕುಲಾ ಅನ್ನೋ ಸೈಟಿನ್ಯಾಗ ಪುಕ್ಕಟೆ. ಒಂದ ಅಡಚಣಿ, ಎಲ್ಲಾ ಕುರೆಂಟ್ ಅನ್ನೋ ಹಳೇ ಕೈಬರಹದಾಗ, ನಮ್ಮ ಮೋಡಿ ಲಿಪಿ ಕಾಗದ ಇದ್ದಂಗ, ಈಗಿನ ಜರ್ಮನ್ನರಿಗೂ ಓದಾಕ ಬರೂದಿಲ್ಲ, 1941ರಾಗ ಅದನ್ನ ಸಾಲಿಯೊಳಗ ಕಲಿಸೂದು ನಿಲ್ಲಿಸಿದ್ರು. ಶ್ನೈಡರ್ ಗೆಳೆಯ ಮತ್ತ ನಾನು ಒಂದು ಆಯಿತವಾರ ಪೂರ್ತಿ ಕುಂತು ಒಂದು ಲಗ್ನದ ದಾಖಲಾತಿ ಓದಿದ್ವಿ, ಮದುಮಗ ದರ್ಜಿ ಅಲ್ಲ, ಹೆಂಡದ ಅಂಗಡಿ ಇಟ್ಟಿದ್ದ!

ಗಿರಾಕಿ ಸೇವಾ ಹೆಂಗೈತಿ ಅಂತ ಕೇಳಿದ್ರ, ಮೇಲ್ ಬರದೆ, ಮಾಲು ವಾಪಸ್ ತಗೋರಿ ಅಂದೆ. ಇಲ್ಲೆ ಆನ್‌ಲೈನ್ ತಗೊಂಡದ್ದು 14 ದಿವಸದಾಗ ಕಾರಣ ಹೇಳದ ವಾಪಸ್ ಕೊಡಬಹುದು, ಕಾಯ್ದೆ ಐತಿ. ಆದ್ರ ಗಿರಾಕಿಗಂತನ ಖಾಸ ಮಾಡಿಸಿದ ಮಾಲಿಗೆ ಅದು ಇಲ್ಲ. ಅವರು ಅದನ್ನ ಹಿಡಿದ್ರು, ನಿಮ್ಮ ಹೆಸರಿಗೆ ಮಾಡಿಸಿದ್ದು ಅಂತ. ನಾ ಎರಡೂ ಹಾಳಿ ಫೋಟೋ ಕೂಡಿಸಿ ಕಳಿಸಿ, ಇದರಾಗ ಖಾಸ ಏನೈತಿ ತೋರಸ್ರಿ, ಮ್ಯಾಲ ನನ್ನ ಹೆಸರೂ ಕಿಟ್ಟೆಲ್ ಅಲ್ಲ ಅಂದೆ. ನಾಲ್ಕು ದಿವಸ ಸುದ್ದಿ ಇಲ್ಲ, ಆಮ್ಯಾಲ 15 ಯೂರೋದ ಕೂಪನ್ ಬಂತು, ಅವರದ ಅಂಗಡ್ಯಾಗ ಇನ್ನೊಂದು ಮನೆತನದ ಇತಿಹಾಸ ತಗೋಳಾಕ.

ಫ್ರೇಮ್ ಬಗ್ಗೆ ಹೇಳ್ಬೇಕಂದ್ರ ಕಟ್ಟಿಗಿ ಖರೇ ಓಕ್ ಐತಿ, ಗಾಜು ದಪ್ಪ, ಹಿಂದಿನ ಕೊಕ್ಕಿ ಒಂದು ಸಡ್ಲ. ಸಿಂಹದ ಹಾಳಿ ತಗದು, ಕಿಟ್ಟೆಲ್ ನಿಘಂಟಿನ ಸ್ಕ್ಯಾನಿನ್ಯಾಗ "ಅಂಗಿ" ಬರೂ ಪುಟ ಪ್ರಿಂಟ್ ಹಾಕಿಸಿ ಕುಂಡ್ರಿಸೀನಿ, ಎಡಕ್ಕ ಬಲಕ್ಕ ಎರಡು ಬೆರಳು ಜಾಗಾ ಉಳೀತದ ಅದಕ್ಕ ಕಪ್ಪು ಕಾರ್ಡ್ ಹಚ್ಚೀನಿ. ಡಿಸೆಂಬರಕ್ಕ ಅದನ್ನ ಒಯ್ತೀನಿ, ಸೂಟ್‌ಕೇಸಿನ್ಯಾಗ ಗಾಜು ಒಡಿಬಾರದು ಅಂತ ನನ್ನ ಹಳೇ ಲ್ಯಾಬ್ ಕೋಟಿನ್ಯಾಗ ಸುತ್ತಿಟ್ಟೀನಿ.